ಪಂಪಿಗೆ ಕೈ ಹಚ್ಚುವ ಮೊದಲು

ಪ್ರಶ್ನೆ: ನನ್ನದು 2007ರ ಮಾಡೆಲ್ ಟಾಟಾ 1613 ಲಾರಿ. ರಾಣೆಬೆನ್ನೂರಿನಿಂದ ನಾಮಕ್ಕಲ್‌ಗೆ ಮೆಕ್ಕೆಜೋಳ ಹೊಡೆಯುತ್ತೇವೆ. ಲೀಟರಿಗೆ 5 ಕಿಲೋಮೀಟರ್ ಬರುತ್ತಿದ್ದ ಆವರೇಜು ಒಂದು ವರ್ಷದಿಂದ 4ರ ಹತ್ತಿರಕ್ಕೆ ಇಳಿದಿದೆ. ಪಂಪು, ನಾಝಲ್ ಎರಡೂ ಮಾಡಿಸಿ ಎನ್ನುತ್ತಾರೆ ಮೇಸ್ತ್ರಿ. ಡ್ರೈವರ್ ಡೀಸೆಲ್ ಮಾರಿಕೊಳ್ಳುತ್ತಿದ್ದಾನೆ ಎನ್ನುತ್ತಾನೆ ನನ್ನ ತಮ್ಮ. ಯಾರ ಮಾತು ಕೇಳಲಿ?
— ಓದುಗರು, ರಾಣೆಬೆನ್ನೂರು

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನಿಮ್ಮ 4 ಮತ್ತು 5 ಎರಡೂ ಅಂಕಿ ಎಲ್ಲಿಂದ ಬಂದವು ಎನ್ನುವುದೇ ನನ್ನ ಮೊದಲ ಅನುಮಾನ. ಹದಿನೈದು ವರ್ಷ ದಾಟಿದ ಲಾರಿಯಲ್ಲಿ ಮೀಟರ್ ಕೇಬಲ್ ನೆಟ್ಟಗಿರುವುದೇ ಅಪರೂಪ. ಅದು ಓಡುತ್ತಿದ್ದರೂ ನಡುವೆ ಟಯರ್ ಸೈಜ್ ಬದಲಾಗಿದ್ದರೆ ಲೆಕ್ಕ ತಪ್ಪುತ್ತದೆ. 9.00-20 ಬಿಚ್ಚಿ 10.00-20 ಹಾಕಿಸಿದ್ದೀರಾ? ಹಾಗಿದ್ದರೆ ಗಾಲಿಯ ಸುತ್ತಳತೆ ನೂರಕ್ಕೆ ಮೂರರಷ್ಟು ಹೆಚ್ಚಿದೆ. ಲಾರಿ 103 ಕಿಲೋಮೀಟರ್ ಓಡಿದರೆ ಮೀಟರ್ 100 ಎಂದೇ ತೋರಿಸುತ್ತದೆ, ಲಾರಿಯದೇನೂ ತಪ್ಪಿಲ್ಲದೆ ಆವರೇಜು ಕಡಿಮೆ ಬಿದ್ದಂತೆ ಕಾಣುತ್ತದೆ.

ಇನ್ನೊಂದು ಪ್ರಶ್ನೆ. ಮೊದಲೆಲ್ಲ ನಾಮಕ್ಕಲ್‌ನಿಂದ ಖಾಲಿ ಬರುತ್ತಿದ್ದು, ಈಗ ವಾಪಸ್ ಲೋಡ್ ಸಿಗುತ್ತಿದೆಯೇ? ಖಾಲಿ ಓಡಿದ್ದು, ತುಂಬಿ ಓಡಿದ್ದು ಎರಡನ್ನೂ ಸೇರಿಸಿ ಭಾಗಿಸಿದ ಅಂಕಿಗೆ ಅರ್ಥವಿಲ್ಲ. ಲೋಡಿಗೆ ಲೋಡು, ಖಾಲಿಗೆ ಖಾಲಿ ಹೋಲಿಸಿ.

ಅಳೆಯುವ ಕ್ರಮ ನಿಮಗೆ ಗೊತ್ತೇ ಇರುತ್ತದೆ, ಆದರೆ ಮಾಡುವವರು ಕಡಿಮೆ. ಹೊರಡುವಾಗ ಟ್ಯಾಂಕಿನ ಕುತ್ತಿಗೆಯವರೆಗೆ ಡೀಸೆಲ್ ಹಾಕಿಸಿ. ನಳಿಕೆ ಟಪ್ಪೆಂದು ನಿಂತ ಮೇಲೂ ನೊರೆ ಇಳಿಯುವವರೆಗೆ ಕಾದು ಮತ್ತೆ ತುಂಬಿಸಿ. ವಾಪಸ್ ಬಂದ ಮೇಲೆ ಅದೇ ಬಂಕಿನಲ್ಲಿ, ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಲಾರಿ ನಿಲ್ಲಿಸಿ ಅಷ್ಟೇ ಮಟ್ಟಕ್ಕೆ ತುಂಬಿಸಿ. ನೆಲ ಒಂದಿಷ್ಟು ವಾಲಿದ್ದರೂ ಹಲವು ಲೀಟರ್ ಆಚೀಚೆ ಆಗುತ್ತದೆ. ದೂರವನ್ನು ಮೀಟರ್ ನೋಡಿ ಬರೆಯಬೇಡಿ, ಮೊಬೈಲಿನ ಮ್ಯಾಪ್ ಹೇಳುವುದನ್ನು ಬರೆಯಿರಿ. ಹೀಗೆ ಮೂರು ಟ್ರಿಪ್ ಮಾಡಿ, ಒಂದರ ಮೇಲೆ ತೀರ್ಮಾನ ಬೇಡ. ಬಂಕಿನ ಮೇಲೆ ಸಂಶಯವಿದ್ದರೆ 5 ಲೀಟರಿನ ಮುದ್ರೆಯಿರುವ ಅಳತೆ ಪಾತ್ರೆ ತರಿಸಿ ನೋಡಿ. ಕೇಳುವ ಹಕ್ಕು ನಿಮಗಿದೆ, 25 ಮಿಲಿಲೀಟರಿಗಿಂತ ಹೆಚ್ಚು ಕೊರತೆ ಇರಕೂಡದು.

ಇಷ್ಟಾದ ಮೇಲೂ 4 ಎಂದೇ ಬಂದರೆ ನಿಮ್ಮ ದೂರು ನಿಜ, ಸಣ್ಣದೂ ಅಲ್ಲ. ನಾಮಕ್ಕಲ್‌ಗೆ ಸುಮಾರು 550 ಕಿಲೋಮೀಟರ್ ಎಂದು ಹಿಡಿದರೆ ಒಂದು ಕಡೆಗೇ 27 ಲೀಟರ್ ಹೆಚ್ಚು ಉರಿಯುತ್ತಿದೆ. ಲೀಟರಿಗೆ 90 ರೂಪಾಯಿ ಎಂದರೂ 2,400 ರೂಪಾಯಿ ದಾಟಿತು.

ಈಗ ಲಾರಿಯ ಹತ್ತಿರ ಬನ್ನಿ. ಪಾನಾ ಬೇಡ, ಕೈ ಮತ್ತು ಕಣ್ಣು ಸಾಕು.

ನನ್ನ ಅನುಭವದಲ್ಲಿ ಹಳೆ ಲಾರಿಗಳ ಡೀಸೆಲ್ ಹೆಚ್ಚಾಗಿ ಸೋರಿಹೋಗುವುದು ಎಂಜಿನ್‌ನಲ್ಲಲ್ಲ, ಗಾಲಿಯಲ್ಲಿ. ಒಮ್ಮೆ ನಾನೇ ಈ ಪಾಠಕ್ಕೆ ಫೀಸು ಕಟ್ಟಿದ್ದೇನೆ. ಪಂಪು ಬಿಚ್ಚಿಸಿದೆ, ಕ್ಯಾಲಿಬ್ರೇಷನ್ ಮಾಡಿಸಿದೆ, ಆರೂ ನಾಝಲ್ ಹೊಸದು ಹಾಕಿಸಿದೆ. ಆವರೇಜು ಇದ್ದಲ್ಲೇ ಇತ್ತು. ಕೊನೆಗೆ ಒಂದು ದಿನ ಢಾಬಾ ಮುಂದೆ ನಿಲ್ಲಿಸಿದಾಗ ಕ್ಲೀನರ್ ಹುಡುಗ ಹಿಂದಿನ ಎಡಗಾಲಿಗೆ ನೀರು ಚಿಮುಕಿಸಿದ. ಡ್ರಮ್ ಚುಂಯ್ ಎಂದಿತು. ಆ ಕಡೆಯ ಬ್ರೇಕ್ ಶೂ ಪೂರ್ತಿ ಹಿಂದಕ್ಕೆ ಸರಿಯುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಎಂಜಿನ್ ಎಳೆದದ್ದನ್ನು ಬ್ರೇಕ್ ಹಿಡಿದು ನಿಲ್ಲಿಸುತ್ತಿತ್ತು. ಹೊಸ ನಾಝಲ್ ಪಾಪ ಏನು ಮಾಡೀತು?

ನೀವೂ ಹೀಗೆ ಮಾಡಿ. ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಆದಷ್ಟು ಬ್ರೇಕ್ ತುಳಿಯದೆ ಓಡಿಸಿ. ಆಮೇಲೆ ವೇಗ ತಾನಾಗಿ ಇಳಿಯಲು ಬಿಟ್ಟು ಬದಿಗೆ ನಿಲ್ಲಿಸಿ. ಒಂದೊಂದೇ ಡ್ರಮ್ಮಿನ ಹತ್ತಿರ ಅಂಗೈ ಒಯ್ಯಿರಿ, ಮುಟ್ಟಬೇಡಿ. ನಾಲ್ಕೂ ಒಂದೇ ಹದಕ್ಕೆ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಒಲೆಯಂತೆ ಕಾವು ಸೂಸುತ್ತಿದ್ದರೆ ಅಲ್ಲಿ ಶೂ ಅಂಟಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಜಾಕ್ ಹಾಕಿ ಗಾಲಿ ತಿರುಗಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ರಿಟರ್ನ್ ಸ್ಪ್ರಿಂಗ್ ಸೋತಿರಬಹುದು, ಕ್ಯಾಮ್ ಶಾಫ್ಟಿಗೆ ಗ್ರೀಸ್ ಹೋಗದೆ ಹಿಡಿದುಕೊಂಡಿರಬಹುದು, ಬ್ರೇಕ್ ಸಾಲದೆಂದು ಯಾರೋ ಸ್ಲ್ಯಾಕ್ ಅಡ್ಜಸ್ಟರನ್ನು ಅತಿಯಾಗಿ ಬಿಗಿದಿರಬಹುದು. ಯಾವುದಾದರೂ ನಾಝಲಿನ ಖರ್ಚಿಗೆ ಹೋಲಿಸಿದರೆ ಚಿಲ್ಲರೆ.

ಅಲ್ಲೇ ಕೂತು ಟಯರ್ ಹವಾ ನೋಡಿ. ಹಿಂದಿನ ಜೋಡಿಯಲ್ಲಿ ಒಳಗಿನ ಟಯರನ್ನು ಯಾರೂ ನೋಡುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ಲಾರಿ ನೇರ ನಿಂತಿದೆಯೇ, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆಯೇ ಎಂದೂ ಗಮನಿಸಿ. ಪಟ್ಟೆಯ ಸೆಂಟರ್ ಬೋಲ್ಟ್ ಮುರಿದು ಹೌಸಿಂಗ್ ಒಂದಿಷ್ಟು ಸರಿದಿದ್ದರೆ ಹಿಂದಿನ ಟಯರುಗಳು ಉರುಳುವ ಬದಲು ಉಜ್ಜಿಕೊಂಡು ಹೋಗುತ್ತವೆ.

ಎರಡನೆಯದು ನೀರಿನ ಕಾವು. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ನಮ್ಮ ಕಡೆ ಎಂಜಿನ್ ಒಮ್ಮೆ ಕಾದರೆ ಸಾಕು, ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡುವ ರೂಢಿ. ‘ಇನ್ನು ಹೀಟಾಗಲ್ಲ ಬಿಡಿ’ ಎನ್ನುವ ಮಾತು ಬೇರೆ. ಆ ವಾಲ್ವ್ ಇರುವುದೇ ನೀರು 80 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ರೇಡಿಯೇಟರಿಗೆ ಹೋಗದಂತೆ ತಡೆಯಲು. ಕಿತ್ತರೆ ಎಂಜಿನ್ ದಿನವಿಡೀ ತಣ್ಣಗೇ ಓಡುತ್ತದೆ. ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಉರಿದು ಹುಟ್ಟಿದ ಶಾಖವೂ ಶಕ್ತಿಯಾಗುವ ಬದಲು ನೀರಿಗೆ ಹೋಗುತ್ತದೆ, ಆಯಿಲ್ ಮಂದವಾಗಿಯೇ ಇರುತ್ತದೆ. ತಮಾಷೆಯೆಂದರೆ ಎಷ್ಟೋ ಎಂಜಿನ್‌ಗಳಲ್ಲಿ ಈ ವಾಲ್ವ್ ತೆರೆದುಕೊಳ್ಳುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವ್ ಇಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್ ನೋಡದೆಯೇ ಮತ್ತೆ ಎಂಜಿನ್ ಸೇರಿ, ಏರಿನಲ್ಲಿ ಹೀಟಾಗುವ ಸಂಭವವೇ ಹೆಚ್ಚು.

ಒಂದು ತಾಸು ಲೋಡಿನಲ್ಲಿ ಓಡಿದ ಮೇಲೂ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿದ್ದರೆ ಹೌಸಿಂಗ್ ಬಿಚ್ಚಿ ಒಳಗೆ ವಾಲ್ವ್ ಇದೆಯೇ ನೋಡಿ. ಇದ್ದರೆ ಹಳೆ ಪಾತ್ರೆಯಲ್ಲಿ ನೀರು ಕಾಯಿಸಿ ದಾರ ಕಟ್ಟಿ ಇಳಿಬಿಡಿ. ತೆರೆಯಬೇಕಾದ ಡಿಗ್ರಿ ಅದರ ಮೇಲೇ ಕೊರೆದಿರುತ್ತದೆ. ಥರ್ಮಾಮೀಟರ್ ಹಿಡಿದು ನೋಡುತ್ತಿದ್ದರೆ ನಿಧಾನವಾಗಿ ಬಾಯಿ ಬಿಡುವುದು ಕಣ್ಣಿಗೆ ಕಾಣುತ್ತದೆ. ತಣ್ಣೀರಿನಲ್ಲೇ ಬಾಯಿ ತೆರೆದಿದ್ದರೆ ಅದು ಸತ್ತಿದೆ. (ಅಡುಗೆಮನೆಯ ಪಾತ್ರೆ ಬಳಸಬೇಡಿ, ಆಮೇಲೆ ಮನೆಯಲ್ಲಿ ಬೀಳುವ ಬೈಗುಳಕ್ಕೆ ನಾನು ಹೊಣೆಯಲ್ಲ.)

ಮೂರನೆಯದು ಹೊಗೆ. ಏರಿನಲ್ಲಿ ಹಿಂದಿನಿಂದ ಬೈಕಿನಲ್ಲಿ ಬಂದು ನೀವೇ ನೋಡಿ. ಕಪ್ಪು ಹೊಗೆ ಎಂದರೆ ಡೀಸೆಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ. ಮೆಕ್ಕೆಜೋಳದ ಧೂಳಿನಲ್ಲಿ ನಿಲ್ಲುವ ಲಾರಿ ನಿಮ್ಮದು, ಏರ್ ಫಿಲ್ಟರ್ ಕೊಡವಿ ಕೊಡವಿ ಮತ್ತೆ ಹಾಕುತ್ತಿದ್ದರೆ ಇವತ್ತೇ ಹೊಸದು ತನ್ನಿ. ಟರ್ಬೋದಿಂದ ಎಂಜಿನ್‌ಗೆ ಹೋಗುವ ಹೋಸ್ ಕ್ಲಿಪ್ ಸಡಿಲವಾದರೂ ಇದೇ ಕಥೆ, ಲೋಡಿನಲ್ಲಿ ಸುಯ್ ಎಂಬ ಶಬ್ದ ಕೇಳುತ್ತದೆ, ಜಾಯಿಂಟಿನ ಸುತ್ತ ಎಣ್ಣೆಮಸಿ ಅಂಟಿರುತ್ತದೆ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಟೈಮಿಂಗ್ ಅಥವಾ ಕಂಪ್ರೆಷನ್ ಕಡೆ ನೋಡಬೇಕು.

ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡುವುದನ್ನೂ ಮರೆಯಬೇಡಿ. ಆಯಿಲ್ ಕಡಿಮೆಯಾಗಿದ್ದರೆ ಅಲ್ಲ, ಹೆಚ್ಚಾಗಿದ್ದರೆ ಹೆದರಿ. ಫೀಡ್ ಪಂಪು ಸೋತರೆ ಅಥವಾ ಪಂಪಿನೊಳಗಿನ ಎಲಿಮೆಂಟ್ ಸವೆದರೆ ಡೀಸೆಲ್ ಹೊರಗೆ ಒಂದು ಹನಿಯೂ ಕಾಣದಂತೆ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಕಡ್ಡಿ ಮೂಸಿದರೆ ವಾಸನೆಯಲ್ಲೇ ಗೊತ್ತಾಗುತ್ತದೆ. ಹಾಗಿದ್ದರೆ ಲಾರಿ ಓಡಿಸಬೇಡಿ, ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಈಗ ನಿಮ್ಮ ಮೇಸ್ತ್ರಿಯ ಮಾತಿಗೆ ಬರೋಣ. ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುವುದಿಲ್ಲ. ಇಂಥ ಮೆಕ್ಯಾನಿಕಲ್ ಪಂಪು ನಮ್ಮ ಗ್ಯಾರೇಜುಗಳ ಬಾಯಲ್ಲಿ ಇವತ್ತಿಗೂ ‘ಮೈಕೋ ಪಂಪು’. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಆ ಹೆಸರು ಹೋಗಿಲ್ಲ. ಅದು ಗಟ್ಟಿ ಸಾಮಾನು, ಆದರೆ ಅದರ ಸೀಲ್ ಒಡೆದು ಸ್ಕ್ರೂ ತಿರುಗಿಸುವವರು ಬಹಳ. ಪಿಕಪ್ ಬೇಕೆಂದು ಡೀಸೆಲ್ ಏರಿಸಿದರೆ ಲಾರಿ ಏರು ಹತ್ತುತ್ತದೆ ನಿಜ, ಕಪ್ಪು ಹೊಗೆಯೂ ಅದರ ಜೊತೆಗೇ ಬರುತ್ತದೆ. ನಿಮ್ಮ ಪಂಪಿನ ತಂತಿ, ಸೀಲ್ ಹಾಗೇ ಇದೆಯೇ? ಒಂದು ವರ್ಷದ ಹಿಂದೆ ಯಾರಾದರೂ ಮುಟ್ಟಿದ್ದರೇ? ಮುಟ್ಟಿದ್ದರೆ ಕ್ಯಾಲಿಬ್ರೇಷನ್ ಬೆಂಚಿಗೆ ಒಯ್ಯಲೇಬೇಕು. ನಾಝಲನ್ನು ಮಾತ್ರ ಟೆಸ್ಟರ್ ಮೇಲೆ ನಿಮ್ಮ ಕಣ್ಣೆದುರೇ ಹಿಡಿಸಿ. ಮಂಜಿನಂತೆ ಸಿಡಿದು ತಟ್ಟನೆ ನಿಲ್ಲಬೇಕು. ತುದಿಯಲ್ಲಿ ಹನಿ ತೂಗಿದರೆ ಬದಲಿಸಿ, ಇಲ್ಲದಿದ್ದರೆ ಒರೆಸಿ ವಾಪಸ್ ಹಾಕಿ.

ಡ್ರೈವರ್ ವಿಷಯ. ಕದಿಯುವವರು ಇಲ್ಲವೆಂದಲ್ಲ. ಆದರೆ ಓನರ್‌ಗಳು ಡ್ರಮ್ ಮುಟ್ಟಿ ನೋಡುವ ಮೊದಲೇ ಡ್ರೈವರ್ ಜೇಬು ನೋಡುತ್ತಾರೆ, ಅದು ನ್ಯಾಯವಲ್ಲ. ಫುಲ್ ಟ್ಯಾಂಕಿನ ಅಳತೆಯನ್ನು ಅವರ ಜೊತೆಗೇ ಕೂತು ಬರೆಯಿರಿ, ಉಳಿದ ಡೀಸೆಲಿನಲ್ಲಿ ಒಂದು ಪಾಲು ಅವರಿಗೂ ಕೊಡುತ್ತೇನೆಂದು ಹೇಳಿ ನೋಡಿ. ಲೋಡಿಂಗ್ ಸರತಿಯಲ್ಲಿ ಎಂಜಿನ್ ಆಫ್ ಮಾಡುವ ಅಭ್ಯಾಸವಿದೆಯೇ ಕೇಳಿ, ಇಂಥ ಎಂಜಿನ್ ಸುಮ್ಮನೆ ನಿಂತು ಓಡಿದರೂ ಗಂಟೆಗೆ ಒಂದೂವರೆ ಲೀಟರಿನ ಆಸುಪಾಸು ಕುಡಿಯುತ್ತದೆ.

ಮತ್ತೊಂದು ವಿಷಯ ಖಂಡಿತ ಕೇಳಿ: ಧರ್ಮಪುರಿ ದಾಟಿದ ಮೇಲೆ ಸಿಗುವ ತೊಪ್ಪೂರು ಘಾಟಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಇಳಿಸುತ್ತಾರೆಯೇ? ಡೀಸೆಲ್ ಉಳಿಯುತ್ತದೆಂಬ ನಂಬಿಕೆಯಿಂದ ಹೀಗೆ ಮಾಡುತ್ತಾರೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಗವರ್ನರ್ ಡೀಸೆಲನ್ನು ಪೂರ್ತಿ ನಿಲ್ಲಿಸುತ್ತದೆ, ಎಂಜಿನ್ನನ್ನು ಗಾಲಿಯೇ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬದುಕಿರಲು ಡೀಸೆಲ್ ಬೇಕೇ ಬೇಕು. ಉಳಿತಾಯ ಸೊನ್ನೆ, ಮೇಲೆ ಬ್ರೇಕ್ ಕಾದು ಕೈಕೊಡುವ ಅಪಾಯ. ಆ ಘಾಟಿನಲ್ಲಿ ಹೀಗೇ ಉರುಳಿದ ಲಾರಿಗಳಿಗೆ ಲೆಕ್ಕವಿಲ್ಲ.

ಒಂದು ಸಲಕ್ಕೆ ಒಂದೇ ಕೆಲಸ ಮಾಡಿಸಿ, ಮತ್ತೆ ಟ್ಯಾಂಕ್ ತುಂಬಿಸಿ ಅಳೆಯಿರಿ. ನಾಲ್ಕು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಹೋಯಿತೆಂದು ನಿಮಗೂ ತಿಳಿಯದು, ಮೇಸ್ತ್ರಿಗೂ ತಿಳಿಯದು. ಮೂರು ಟ್ರಿಪ್ಪಿನ ಲೆಕ್ಕ, ನಾಲ್ಕು ಡ್ರಮ್ಮಿನ ಸ್ಥಿತಿ, ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ ಎನ್ನುವುದು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಅಲ್ಲಿಯವರೆಗೆ ಪಂಪು ಬಿಚ್ಚಿಸಬೇಡಿ.