ಗಡಿಯಾರಕ್ಕೆ ಮೂವತ್ತೂವರೆ ಗಂಟೆ, ವಿಮಾನಕ್ಕೆ ಹದಿನೇಳು!

ಮಕ್ಕಳೇ, 2021ರ ಜನವರಿ 9ರ ರಾತ್ರಿ 8.30ಕ್ಕೆ ಏರ್ ಇಂಡಿಯಾ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ನಡುವೆ ಎಲ್ಲೂ ಇಳಿಯದೆ, 11ರ ನಸುಕಿನ 3 ಗಂಟೆ ಸುಮಾರಿಗೆ ಬೆಂಗಳೂರು ಮುಟ್ಟಿತು. ನಡೆಸಿದ ಪೈಲಟ್‌ಗಳೆಲ್ಲ ಮಹಿಳೆಯರು!

ಬೆರಳು ಮಡಚಿ ಎಣಿಸಿರಿ. ಮೂವತ್ತೂವರೆ ಗಂಟೆ ಆಯಿತಲ್ಲವೆ? ಆದರೆ ಹಾರಿದ್ದು ಸುಮಾರು 17 ಗಂಟೆ ಮಾತ್ರ. ಉಳಿದ ಹದಿಮೂರೂವರೆ ಗಂಟೆ ಏನಾಯಿತು?

ಭೂಮಿ ತಿರುಗುತ್ತಿರುವುದರಿಂದ ಎಲ್ಲ ಊರುಗಳಲ್ಲೂ ಒಟ್ಟಿಗೆ ಬೆಳಗಾಗುವುದಿಲ್ಲ. ವಿಮಾನ ಅಲ್ಲಿ ರಾತ್ರಿ ಹೊರಟಾಗ ನಮ್ಮ ಹರಿಹರಪುರದಲ್ಲಿ ಆಗಲೇ 10ನೇ ತಾರೀಖಿನ ಬೆಳಿಗ್ಗೆ 10 ಗಂಟೆ! ಅಲ್ಲಿಂದ 17 ಗಂಟೆ ಎಣಿಸಿ ನೋಡಿ.

ಎರಡು ಊರುಗಳ ನಡುವಿನ ಅತಿ ಹತ್ತಿರದ ದೂರ ಸುಮಾರು 14,000 ಕಿ.ಮೀ. ಶಾಲೆಯ ಗ್ಲೋಬಿನ ಮೇಲೆ ದಾರ ಬಿಗಿಹಿಡಿದು ಅಳೆಯಿರಿ. ದಾರ ಯಾವ ದಿಕ್ಕಿಗೆ ಸರಿಯಿತು?