ಹೆಡ್‌ಫೋನಿನಲ್ಲಿ ನನ್ನ ದನಿಯೇ ಕೇಳಿಸುತ್ತಿಲ್ಲ

ನನಗೆ 61 ವರ್ಷ. ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದೆ. ಈಗ ಮನೆಯ ಸಣ್ಣ ಕೋಣೆಯಲ್ಲಿ ಮೈಕು, ಆಡಿಯೋ ಇಂಟರ್‌ಫೇಸು, ಲ್ಯಾಪ್‌ಟಾಪು ಇಟ್ಟುಕೊಂಡು ದೇವರನಾಮಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಮಗಳು ಕೊಡಿಸಿದ ಬ್ಲೂಟೂತ್ ಹೆಡ್‌ಫೋನಿನಲ್ಲಿ, ಇಂಟರ್‌ಫೇಸಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ತಂಬೂರಿಯ ನಡುವೆ ನನ್ನ ದನಿ ಕ್ಷೀಣವಾಗಿಯೇ ಇರುತ್ತದೆ. ಇನ್ನೂ ದುಬಾರಿಯದನ್ನು ಕೊಳ್ಳಲೇ? ಅಥವಾ ಕಿವಿಯೇ ಮಂದವಾಗುತ್ತಿದೆಯೇ? ಮನೆಯಲ್ಲಿ ಹೇಳಲು ಅಂಜಿಕೆ.
– ಓದುಗರು, ಮೈಸೂರು

ಮೇಷ್ಟ್ರೇ, ಹೊಸದನ್ನು ಸದ್ಯಕ್ಕೆ ಕೊಳ್ಳಬೇಡಿ. ಮೊದಲು ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ, ಅದೇ ಹೆಡ್‌ಫೋನಿನಲ್ಲಿ ಯಾವುದಾದರೂ ಸಿನಿಮಾ ಹಾಡು ಕೇಳಿ. ಅದು ಗಟ್ಟಿಯಾಗಿ ಕೇಳಿದರೆ, ದನಿ ಕ್ಷೀಣವಾಗಲು ಕಾರಣ ಬಹುಮಟ್ಟಿಗೆ ನಿಮ್ಮ ಕಿವಿಯಲ್ಲ.

ನೀವು ತಿರುಗಿಸುತ್ತಿರುವ ಆ ತಿರುಪು ಇಂಟರ್‌ಫೇಸಿಗೆ ವೈರಿನಿಂದ ಜೋಡಿಸಿದ ಹೆಡ್‌ಫೋನಿಗೆ ಮಾತ್ರ ಸಂಬಂಧಿಸಿದ್ದು. ಬ್ಲೂಟೂತ್ ಸದ್ದು ಲ್ಯಾಪ್‌ಟಾಪಿನಿಂದ ನೇರವಾಗಿ ಹೋಗುತ್ತದೆ. ಎಷ್ಟು ತಿರುಗಿಸಿದರೂ ಅದಕ್ಕೆ ತಟ್ಟುವುದಿಲ್ಲ. ಲ್ಯಾಪ್‌ಟಾಪಿನ ವಾಲ್ಯೂಮು, ಹೆಡ್‌ಫೋನಿನ ಮೇಲಿನ ಗುಂಡಿ, ಎರಡನ್ನೂ ನೋಡಿ. ಹಲವು ಜೋಡಿಗಳಲ್ಲಿ ಇವೆರಡೂ ಬೇರೆಬೇರೆ. ಸದ್ದು ಫೋನ್ ಕರೆಯಂತೆ ಒಣಗಿದ್ದರೆ, ಲ್ಯಾಪ್‌ಟಾಪು ಹೆಡ್‌ಫೋನಿನ ಸ್ವಂತ ಮೈಕನ್ನೇ ಆರಿಸಿಕೊಂಡಿದೆ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಎಂದು ಇಂಟರ್‌ಫೇಸನ್ನು ಆರಿಸಿದರೆ ಸರಿಹೋಗುತ್ತದೆ. ಕುಶನ್ನು ಕಿವಿಯ ಸುತ್ತ ಸರಿಯಾಗಿ ಕೂರದಿದ್ದರೂ ಮಂದ್ರದ ಸದ್ದು ಸೋರಿಹೋಗುತ್ತದೆ. ನೀವು ಕನ್ನಡಕ ಹಾಕುವವರಾದರೆ ಅದರ ಕಡ್ಡಿಯನ್ನೂ ಗಮನಿಸಿ.

ಇಷ್ಟಾದರೂ, ಹಾಡುವ ಹೊತ್ತಿಗೆ ಬ್ಲೂಟೂತ್ ಬೇಡವೆಂದೇ ನನ್ನ ಮಾತು. ನಿಮ್ಮ ಸ್ವರ ಮೈಕಿಗೆ ಬಿದ್ದು ಮರಳಿ ಕಿವಿಗೆ ಬರುವಷ್ಟರಲ್ಲಿ 100ರಿಂದ 200 ಮಿಲಿಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು, ಕಳೆದಿರುತ್ತದೆ. ವಾಲ್ಯೂಮ್ ಏರಿಸಿದಷ್ಟೂ ಆ ತಡವಾದ ದನಿ ನಿಮ್ಮ ಲಯವನ್ನು ಎಳೆಯುತ್ತದೆ. ತಾಳ ಹಾಕಿಕೊಂಡು ಹಾಡಿ ಬೆಳೆದವರಿಗೆ ಇದು ಎಷ್ಟು ಹಿಂಸೆ ಎಂದು ನಾನು ಬಲ್ಲೆ. ತಪ್ಪು ತಮ್ಮದೇ ಎಂದುಕೊಂಡು ಹಾಡುವುದನ್ನೇ ನಿಲ್ಲಿಸುವವರೂ ಇದ್ದಾರೆ.

ನಿಮ್ಮ ಹೆಡ್‌ಫೋನಿನ ಅಂಚಿನಲ್ಲಿ 3.5 ಮಿಲಿಮೀಟರಿನ ತೂತಿದೆಯೇ ಹುಡುಕಿ. ಇದ್ದರೆ ಒಂದು ಕೇಬಲ್ ತಂದು, ಬೇಕಾದರೆ 6.35ರ ಕನ್ವರ್ಟರ್ ಹಾಕಿ, ಇಂಟರ್‌ಫೇಸಿಗೆ ಜೋಡಿಸಿ. ಈಗ ಆ ತಿರುಪು ಕೆಲಸ ಮಾಡುತ್ತದೆ. ಡೈರೆಕ್ಟ್ ಮಾನಿಟರ್ ಸ್ವಿಚ್ಚು ಇದ್ದರೆ ಅದನ್ನು ಒತ್ತಿ. ನಿಮ್ಮ ದನಿ ತಡವಿಲ್ಲದೆ ಕಿವಿಗೆ ಬರುತ್ತದೆ. ಕೆಲವು ಹೆಡ್‌ಫೋನುಗಳು ವೈರ್ ಹಾಕಿದಾಗಲೂ ಪವರ್ ಆನ್ ಇದ್ದರೆ ಹೆಚ್ಚು ಸದ್ದು ಕೊಡುತ್ತವೆ. ಎರಡೂ ರೀತಿಯಲ್ಲಿ ಕೇಳಿ. ತೂತೇ ಇಲ್ಲವಾದರೆ ಮಾತ್ರ ಕಿವಿ ಮುಚ್ಚುವಂಥ, 32ರಿಂದ 80 ಓಮಿನ ವೈರ್ ಹೆಡ್‌ಫೋನ್ ತನ್ನಿ. 250 ಓಮಿನದು ಸಣ್ಣ ಇಂಟರ್‌ಫೇಸುಗಳಲ್ಲಿ ಮತ್ತೆ ಇದೇ ಗೋಳು ತರಬಹುದು.

ಆಮೇಲೂ ದನಿ ಹಿಂದೆ ಉಳಿದರೆ ತಂಬೂರಿಯನ್ನು ಇಳಿಸಿ. ಮೈಕಿನ ಗೇನ್ ಏರಿಸುತ್ತ ಹೋಗಿ ಕೆಂಪು ದೀಪ ಹತ್ತಿತೆಂದರೆ ಒಡೆದ ಸ್ವರವನ್ನು ಮತ್ತೆ ಕೂಡಿಸಲಾಗದು. ಸಿನಿಮಾ ಹಾಡಿನಷ್ಟು ಜೋರು ಬರಲಿಲ್ಲವೆಂದು ಕೊರಗಬೇಡಿ. ಆ ಜೋರು ಕೊನೆಯಲ್ಲಿ, ಮಾಸ್ಟರಿಂಗ್‌ನಲ್ಲಿ ಸೇರುವಂಥದ್ದು.

ಕಿವಿಯ ವಿಷಯಕ್ಕೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಹೋದರೆ ನಾಲ್ಕೇ ಗಂಟೆ. ಕಿವಿಯಲ್ಲಿ ಗುಂಯ್‌ಗುಡುವುದು, ಎದುರಿಗಿದ್ದವರ ಮಾತು ಮತ್ತೆ ಕೇಳಬೇಕಾಗುವುದು, ಟಿ.ವಿ. ಸದ್ದು ಜಾಸ್ತಿಯಾಯಿತೆಂದು ಮನೆಯವರು ಹೇಳುವುದು, ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಮಾಡಿಸಿ. ನಿಮ್ಮ ಊರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹೆಡ್‌ಫೋನ್ ಕೊಡಿಸಿದವಳು ಇದನ್ನು ಕೇಳಿ ನೊಂದುಕೊಳ್ಳುವುದಿಲ್ಲ. ಹಿಂದಿನ ದಿನ ಮಾತ್ರ ರೆಕಾರ್ಡಿಂಗ್ ಬೇಡ, ಕಿವಿಗೆ ಬಿಡುವು ಕೊಟ್ಟು ಹೋಗಿ.