ತುಂಡು ಬಟ್ಟೆಯ ಕೌದಿ: ಆಯ್ಕೆ, ವಿನ್ಯಾಸ, ಹೊಲಿಗೆ ಮತ್ತು ಲೆಕ್ಕ

ಸುಗ್ಗಿ ಮುಗಿದು ಮುಂಗಾರಿನ ಉಳುಮೆ ಆರಂಭವಾಗುವ ಮೊದಲು ರೈತ ಕುಟುಂಬದವರಿಗೆ ಸ್ವಲ್ಪ ಬಿಡುವು ದೊರೆಯುತ್ತದೆ. ಈ ಬಿಡುವಿನಲ್ಲಿ ಕೈಗೊಳ್ಳಬಹುದಾದ ಗೃಹ ಕಸುಬುಗಳಲ್ಲಿ ಕೌದಿ ಹೊಲಿಯುವುದು ಒಂದು. ಉಟ್ಟು ಹಳೆಯದಾದ ಸೀರೆ, ಪಂಚೆ ಮತ್ತು ತುಂಡು ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದುಗೂಡಿಸಿದ ಹೊದಿಕೆಯೇ ಕೌದಿ. ಧಾರವಾಡ, ವಿಜಯಪುರ, ಬಾಗಲಕೋಟೆ ಮುಂತಾದ ಉತ್ತರದ ಜಿಲ್ಲೆಗಳಲ್ಲಿ ಇದು ಮನೆಮನೆಯ ವಸ್ತು. ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ.

ಮೈಸೂರು ಸೀಮೆಯಲ್ಲಿ ಕಂಬಳಿ ಮತ್ತು ಜಮಖಾನದ ಬಳಕೆಯೇ ಹೆಚ್ಚು. ಆದರೆ ಕೌದಿಗೆ ಬೇಕಾದ ಬಟ್ಟೆಗೆ ಇಲ್ಲಿ ಕೊರತೆಯಿಲ್ಲ. ಮೈಸೂರು–ಹುಣಸೂರು ರಸ್ತೆಯಲ್ಲಿರುವ ಹಿನಕಲ್ ಹಳ್ಳಿಯಾಗಿದ್ದು, ಈಗ ಬಡಾವಣೆಗಳ ನಡುವೆ ನಗರದೊಡನೆ ಬೆರೆತುಹೋಗಿದೆ. ಇಂತಹ ಊರುಗಳಲ್ಲಿ ಮನೆಯ ಪೆಟ್ಟಿಗೆಯ ಹಳೆಯ ಸೀರೆಯ ಜೊತೆಗೆ ದರ್ಜಿ ಅಂಗಡಿಗಳ ಕತ್ತರಿಸಿದ ಚೂರುಗಳೂ ಕೇಳಿದರೆ ಸಿಗುತ್ತವೆ. ಕೇಳುವವರಿಲ್ಲದಿದ್ದರೆ ಅವು ಕಸದ ರಾಶಿಗೆ, ಚರಂಡಿಗೆ ಅಥವಾ ಬೆಂಕಿಗೆ ಸೇರುತ್ತವೆ. ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ, ಜಗತ್ತಿನ ಸರಾಸರಿಯಲ್ಲಿ, ಸುಮಾರು 10,000 ಲೀಟರ್ ನೀರಿನ ಬಳಕೆ ಇರುತ್ತದೆ. ಎಚ್.ಡಿ.ಕೋಟೆ ಸೀಮೆಯಲ್ಲಿ ಮಳೆ ನಂಬಿ ಹತ್ತಿ ಬೆಳೆಯುವ ರೈತನಿಗೆ ಈ ನೀರಿನ ಬೆಲೆ ಗೊತ್ತು.

ಕೌದಿ ಹೊಲಿಯುವವರು ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಬಟ್ಟೆ ಪುಕ್ಕಟೆ ದೊರೆಯಬಹುದು, ಆದರೆ ದುಡಿಮೆ ಪುಕ್ಕಟೆಯಲ್ಲ. ಆದುದರಿಂದ ಬಟ್ಟೆಯ ಆಯ್ಕೆ, ತುಂಡಿನ ಅಳತೆ, ಹೊಲಿಗೆಯ ಅಂತರ ಇವೆಲ್ಲವನ್ನೂ ಹೆಣ್ಣುಮಗಳ ಶ್ರಮ ವ್ಯರ್ಥವಾಗದಂತೆ ನಿರ್ಧರಿಸಬೇಕು.

ನಮ್ಮ ನಾಡಿನ ಎರಡು ಪದ್ಧತಿಗಳು

ಮೊದಲನೆಯದು ಬಯಲುಸೀಮೆಯ ಪದ್ಧತಿ. ತುಂಡುಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ ಮೇಲುಹಾಸು ಸಿದ್ಧಮಾಡುತ್ತಾರೆ. ಅದನ್ನು ಹಳೆಯ ಸೀರೆಯ ಪದರಗಳ ಮೇಲೆ ಹರಡಿ ಉದ್ದಕ್ಕೂ ಸಾಲು ಹೊಲಿಗೆ ಹಾಕುತ್ತಾರೆ. ಇಳಕಲ್ ಸೀರೆಯ ಅಂಚು, ಗುಳೇದಗುಡ್ಡದ ಖಣದ ತುಂಡು ಇವು ಇಂತಹ ಕೌದಿಗಳಿಗೆ ಮೆರುಗು ಕೊಡುತ್ತವೆ.

ಎರಡನೆಯದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರ ಪದ್ಧತಿ. ಆಫ್ರಿಕಾ ಮೂಲದ ಸಿದ್ದಿ ಜನ ಶತಮಾನಗಳಿಂದ ಈ ಕಾಡುಪ್ರದೇಶದಲ್ಲಿ ನೆಲೆಸಿದ್ದಾರೆ. ತಮ್ಮ ಕೌದಿಯನ್ನು ಅವರು ಕವಂದಿ ಎನ್ನುತ್ತಾರೆ. ಇಲ್ಲಿ ತುಂಡುಗಳನ್ನು ಮುಂಚಿತವಾಗಿ ಜೋಡಿಸುವುದಿಲ್ಲ. ಹಾಸಿದ ಸೀರೆಯ ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ತುಂಡುಗಳನ್ನು ಇಡುತ್ತಾ, ಅಂಚು ಮಡಿಚಿ ಹೊಲಿಯುತ್ತಾ ಸುತ್ತು ಬರುತ್ತಾರೆ. ಸುತ್ತು ಸುತ್ತಾಗಿ ಒಳಗೆ ಸರಿದು ಕೊನೆಗೆ ನಡುಭಾಗದಲ್ಲಿ ಮುಗಿಸುತ್ತಾರೆ. ಜೋಡಣೆ ಮತ್ತು ಹೊಲಿಗೆ ಒಂದೇ ಕೆಲಸವಾಗುವುದು ಇದರ ಅನುಕೂಲ. ಅಳತೆ ಒಂದೇ ಇಲ್ಲದ ಚೂರುಗಳನ್ನೂ ಬಳಸಬಹುದು. ನಾಲ್ಕು ಮೂಲೆಗಳಿಗೆ ಬಣ್ಣದ ಬಟ್ಟೆಯನ್ನು ಮಡಿಚಿ ‘ಫೂಲ’, ಅಂದರೆ ಹೂ, ಕೂಡಿಸುತ್ತಾರೆ. ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಮಾತು. ಈ ಕಲೆಯನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದ್ದಾರೆ.

ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿ, ಸಿಂಧ್ ಪ್ರಾಂತದ ರಲ್ಲಿ ಇವೂ ಇದೇ ಕುಲದವು. ಕನ್ನಡದ ‘ಕಂಥೆ’ ಎಂಬ ಪದವೂ ತೇಪೆ ಹಾಕಿದ ಬಟ್ಟೆಯನ್ನೇ ಸೂಚಿಸುತ್ತದೆ.

ಬಟ್ಟೆಯ ಆಯ್ಕೆ

ಬಿತ್ತನೆ ಬೀಜವನ್ನು ಆರಿಸುವಷ್ಟೇ ಎಚ್ಚರಿಕೆ ಇಲ್ಲಿಯೂ ಬೇಕು. ಕೆಳಗಿನ ಪರೀಕ್ಷೆಗಳನ್ನು ಮಾಡಿ ಆರಿಸಬೇಕು.

1. ಗಟ್ಟಿತನ: ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ನೂಲು ಸವೆದು ಜಾಳಾಗಿದ್ದರೆ ಬಿಡಬೇಕು. ಎರಡೂ ಕೈಗಳಿಂದ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಎಳೆದಾಗ ಚರ್ ಎಂದರೆ ಅದು ಮೇಲುಹಾಸಿಗೆ ತಕ್ಕದ್ದಲ್ಲ. ಸೀರೆಯಲ್ಲಿ ಸೆರಗು ಮತ್ತು ಅಂಚು ಕಡಿಮೆ ಸವೆದಿರುತ್ತವೆ. ಹೆಚ್ಚು ಉಜ್ಜಾಡಿದ ಭಾಗ ಬೇಗ ಸವೆಯುತ್ತದೆ.

2. ನೂಲಿನ ಜಾತಿ: ಒಂದೆರಡು ಎಳೆಗಳನ್ನು ಚಿಮಟದಲ್ಲಿ ಹಿಡಿದು, ಬಯಲಿನಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು ಸುಟ್ಟು ನೋಡಬೇಕು. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯೊಡನೆ ಬೆರೆತ ನೂಲಾದರೆ ಉರಿಯುವುದೂ ಕರಗುವುದೂ ಎರಡೂ ಕಾಣುತ್ತವೆ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಮೈಗೆ ತಾಗುವ ಪದರಗಳಿಗೆ ಹತ್ತಿಯನ್ನೇ ಬಳಸಬೇಕು.

3. ಬಣ್ಣ: ಒದ್ದೆಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿ ನೋಡಬೇಕು. ಬಣ್ಣ ಹತ್ತಿದರೆ ಅಂತಹ ತುಂಡನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ಪ್ರತ್ಯೇಕವಾಗಿ ಒಗೆಯಬೇಕು. ನಿಲ್ಲದಿದ್ದರೆ ಕೈಬಿಡಬೇಕು.

4. ಕುಗ್ಗುವಿಕೆ: ದರ್ಜಿ ಅಂಗಡಿಯ ಹೊಸ ಹತ್ತಿ ಚೂರುಗಳು ಮೊದಲ ಒಗೆತದಲ್ಲಿ ಕುಗ್ಗುತ್ತವೆ, ಹಳೆಯ ಸೀರೆ ಕುಗ್ಗುವುದಿಲ್ಲ. ಎರಡನ್ನೂ ಹಾಗೆಯೇ ಸೇರಿಸಿದರೆ ಕೌದಿ ಸುಕ್ಕುಗಟ್ಟುತ್ತದೆ. ಆದುದರಿಂದ ಎಲ್ಲ ಬಟ್ಟೆಗಳನ್ನೂ ಮೊದಲೇ ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಬೇಕು.

ಎಚ್ಚರಿಕೆ: ಕೀಟನಾಶಕ ಸಿಂಪಡಿಸುವಾಗ ತೊಟ್ಟ ಅಂಗಿ, ತಲೆಗೆ ಸುತ್ತಿದ ವಸ್ತ್ರ, ಔಷಧಿ ಒರೆಸಿದ ಬಟ್ಟೆ, ಬೀಜೋಪಚಾರ ಮಾಡಿದ ಬೀಜದ ಚೀಲ ಮತ್ತು ಗೊಬ್ಬರದ ಚೀಲಗಳನ್ನು ಯಾವ ಕಾರಣಕ್ಕೂ ಕೌದಿಗೆ ಸೇರಿಸಬಾರದು. ಎಷ್ಟು ಒಗೆದರೂ ವಿಷದ ಅಂಶ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ಕೌದಿ ರಾತ್ರಿಯಿಡೀ ಮೈಗೆ ತಾಗಿರುವ ವಸ್ತು. ಅದರ ಮೇಲೆ ಮಕ್ಕಳು ಮಲಗುತ್ತಾರೆ.

ಅಳತೆ ಮತ್ತು ಪದರಗಳು

ಒಬ್ಬರಿಗೆ ಸುಮಾರು 5 ಅಡಿ ಅಗಲ, 7 ಅಡಿ ಉದ್ದದ ಕೌದಿ ಸಾಕು. ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್ ಉದ್ದ, ಸುಮಾರು 45 ಅಂಗುಲ ಅಗಲ ಇರುತ್ತದೆ. ಒಂದು ಸೀರೆಯಿಂದ 88 ಅಂಗುಲದ ಎರಡು ಭಾಗಗಳನ್ನು ಕತ್ತರಿಸಬೇಕು. ಎರಡು ಸೀರೆಗಳಿಂದ ಇಂತಹ ನಾಲ್ಕು ಭಾಗಗಳು ದೊರೆಯುತ್ತವೆ. ನಾಲ್ಕನೆಯದನ್ನು ಉದ್ದುದ್ದಕ್ಕೆ 15 ಅಂಗುಲದ ಮೂರು ಪಟ್ಟಿಗಳಾಗಿ ಸೀಳಿ, ಉಳಿದ ಮೂರು ಭಾಗಗಳಿಗೆ ಒಂದೊಂದನ್ನು ಕೂಡಿಸಿದರೆ ಮೂರು ಪೂರ್ಣ ಪದರಗಳಾಗುತ್ತವೆ. ಕೂಡಿಸುವಲ್ಲಿ ಅಂಗುಲದಷ್ಟು ಅಗಲ ಕಡಿಮೆಯಾದರೆ ತೊಂದರೆಯಿಲ್ಲ. ಮೇಲುಹಾಸಿನಲ್ಲಿ ಮಿಕ್ಕುವ ಬಟ್ಟೆಯನ್ನು ಅಂಚಿಗೆ ಮಡಿಚಬಹುದು. ಮೂರೂ ಪದರಗಳ ಕೂಡುಗೆರೆ ಒಂದೇ ಕಡೆ ಬರಬಾರದು. ಗೋಡೆಗೆ ಇಟ್ಟಿಗೆ ಇಡುವಂತೆ ಒಂದನ್ನು ಎಡಕ್ಕೆ, ಮತ್ತೊಂದನ್ನು ಬಲಕ್ಕೆ ತಿರುಗಿಸಿ ಹಾಸಬೇಕು. ಪ್ರತಿ ಸೀರೆಯಲ್ಲಿ ಉಳಿಯುವ ಸುಮಾರು 40 ಅಂಗುಲದ ತುಂಡು ಮೇಲುಹಾಸಿಗೆ ಒದಗುತ್ತದೆ.

ಮೇಲುಹಾಸಿನ ಚೌಕಗಳಿಗೆ ಎಲ್ಲ ಕಡೆ ಅರ್ಧ ಅಂಗುಲ ಮಡಿಕೆ ಬಿಡಬೇಕು. ಚೌಕದ ಅಳತೆ ಬದಲಾದಂತೆ ಬಟ್ಟೆ ಮತ್ತು ಕೆಲಸ ಹೇಗೆ ಬದಲಾಗುತ್ತವೆ ಎಂಬುದನ್ನು ಇಲ್ಲಿ ಕೊಡಲಾಗಿದೆ.

4 ಅಂಗುಲದ ಚೌಕ: 315 ತುಂಡುಗಳು; ಮಡಿಕೆಗೆ ಶೇಕಡಾ 56 ಹೆಚ್ಚು ಬಟ್ಟೆ; ಜೋಡಣೆ ಹೊಲಿಗೆ 198 ಅಡಿ.

6 ಅಂಗುಲದ ಚೌಕ: 140 ತುಂಡುಗಳು, ಶೇಕಡಾ 36 ಹೆಚ್ಚು ಬಟ್ಟೆ, ಜೋಡಣೆ ಹೊಲಿಗೆ 128 ಅಡಿ.

12 ಅಂಗುಲದ ಚೌಕ: 35 ತುಂಡುಗಳು, ಶೇಕಡಾ 17 ಹೆಚ್ಚು ಬಟ್ಟೆ, ಜೋಡಣೆ ಹೊಲಿಗೆ 58 ಅಡಿ.

ಹೊಸದಾಗಿ ಕಲಿಯುವವರಿಗೆ 6 ಅಂಗುಲದ ಚೌಕ ಅನುಕೂಲ. ಅದಕ್ಕಿಂತ ಚಿಕ್ಕ ಚೂರುಗಳಿದ್ದರೆ ಸಿದ್ದಿ ಪದ್ಧತಿಯನ್ನು ಅನುಸರಿಸುವುದು ಲೇಸು.

ಸ್ವಂತ ವಿನ್ಯಾಸ

ವಿನ್ಯಾಸಕ್ಕಾಗಿ ಹೊಸ ಬಟ್ಟೆ ಕೊಳ್ಳಬೇಕಾಗಿಲ್ಲ. ಬೇರೆಯವರ ಕೌದಿಯನ್ನು ನಕಲು ಮಾಡಬೇಕಾಗಿಯೂ ಇಲ್ಲ. ಮನೆಯಲ್ಲಿರುವ ಬಟ್ಟೆಯೇ ವಿನ್ಯಾಸವನ್ನು ಸೂಚಿಸುತ್ತದೆ. ಮೊದಲು ತುಂಡುಗಳನ್ನು ಗಾಢ, ನಡು, ತಿಳಿ ಎಂದು ಮೂರು ಗುಡ್ಡೆ ಮಾಡಬೇಕು. ಕಣ್ಣು ಅರ್ಧ ಮುಚ್ಚಿ ನೋಡಿದರೆ ಯಾವುದು ಗಾಢ, ಯಾವುದು ತಿಳಿ ಎಂಬುದು ಸ್ಪಷ್ಟವಾಗುತ್ತದೆ. ಕೆಂಪೋ ಹಸಿರೋ ಎಂಬುದಕ್ಕಿಂತ ಈ ವಿಂಗಡಣೆ ಮುಖ್ಯ.

ನಂತರ ಪ್ರತಿ ಗುಡ್ಡೆಯ ತುಂಡುಗಳನ್ನು ಎಣಿಸಿ, ಚೌಕುಳಿ ಕಾಗದದ ಮೇಲೆ ಅಗಲಕ್ಕೆ 10, ಉದ್ದಕ್ಕೆ 14 ಮನೆಗಳನ್ನು ಗುರುತಿಸಿ ನಕ್ಷೆ ಬರೆಯಬೇಕು. ಗಾಢ ಮತ್ತು ತಿಳಿ ತುಂಡುಗಳು ಸಮನಾಗಿದ್ದರೆ ಚದುರಂಗದ ಮಣೆಯಂತೆ ಜೋಡಿಸಬಹುದು. ತಿಳಿ ತುಂಡುಗಳು ಕಡಿಮೆಯಿದ್ದರೆ ಅವನ್ನು ನಡುವೆ ಕೂಡಿಸಿ, ಸುತ್ತಲೂ ನಡು ಬಣ್ಣ, ಹೊರಗೆ ಗಾಢ ಬಣ್ಣ ಇಡಬಹುದು. ಗಾಢ ಬಟ್ಟೆ ಹೊರಗಿದ್ದರೆ ಹೆಚ್ಚು ಕೊಳೆಯಾಗುವ ಅಂಚು ಎದ್ದು ಕಾಣುವುದಿಲ್ಲ. ಉದ್ದನೆಯ ಸೀರೆ ಅಂಚುಗಳಿದ್ದರೆ ಅವನ್ನು ಚೌಕಟ್ಟಾಗಿ ಬಳಸಬೇಕು. ಯಾವುದಾದರೊಂದು ಬಣ್ಣ ಹಲವೆಡೆ ಮತ್ತೆ ಮತ್ತೆ ಬಂದರೆ ಬೇರೆ ಬೇರೆ ಬಟ್ಟೆಗಳು ಒಂದೇ ಮನೆಯವರಂತೆ ಕಾಣುತ್ತವೆ. ಹೊಲಿಯುವ ಮೊದಲು ಎಲ್ಲವನ್ನೂ ನೆಲದ ಮೇಲೆ ಹರಡಿ, ಎದ್ದು ನಿಂತು ನೋಡಿ ತಿದ್ದಿಕೊಳ್ಳಬೇಕು. ಹೊಲಿದ ಮೇಲೆ ಬಿಚ್ಚುವುದು ಎರಡು ಪಟ್ಟು ಕೆಲಸ.

ಹೊಲಿಯುವ ಕ್ರಮ

ಗುಡಿಸಿದ ಸಮನೆಲದ ಮೇಲೆ ಪದರಗಳನ್ನು ಒಂದೊಂದಾಗಿ ಹಾಸಿ, ಸುಕ್ಕು ಹೋಗುವಂತೆ ಅಂಗೈಯಿಂದ ಸವರಬೇಕು. ಮೇಲುಹಾಸನ್ನು ಹರಡಿ, ನಡುವಿನಿಂದ ನಾಲ್ಕೂ ಕಡೆಗೆ ಉದ್ದನೆಯ ಕಚ್ಚಾ ಹೊಲಿಗೆ ಹಾಕಬೇಕು. ಇದರಿಂದ ಪದರಗಳು ಜಾರುವುದಿಲ್ಲ. ನಂತರ ದಪ್ಪ ಹತ್ತಿ ದಾರದಿಂದ ಸಾದಾ ಸಾಲು ಹೊಲಿಗೆ ಆರಂಭಿಸಬೇಕು. ದಾರ ಒಂದು ತೋಳಿನ ಉದ್ದಕ್ಕಿಂತ ಹೆಚ್ಚಿದ್ದರೆ ಸಿಕ್ಕಾಗುತ್ತದೆ. ಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳುವುದು ಅಗತ್ಯ.

ಸಾಲಿನಿಂದ ಸಾಲಿಗೆ ಒಂದು ಅಂಗುಲ ಅಂತರ ಸೂಕ್ತ. ಹೆಚ್ಚು ಅಂತರವಾದರೆ ಒಗೆಯುವಾಗ ಒಳಪದರಗಳು ಮುದುಡಿಕೊಳ್ಳುತ್ತವೆ. ಅರ್ಧ ಅಂಗುಲವಾದರೆ ಕೌದಿ ಬಿಗಿಯಾಗುತ್ತದೆ, ಕೆಲಸವೂ ಇಮ್ಮಡಿಯಾಗುತ್ತದೆ. ಒಂದು ಅಂಗುಲದ ಅಂತರದಲ್ಲಿ 7 ಅಡಿಯ 60 ಸಾಲು, ಅಂದರೆ 420 ಅಡಿ ಹೊಲಿಗೆ. ಇದಕ್ಕೆ ಒಂಟಿ ಎಳೆಯಾದರೆ ಸುಮಾರು 160 ಮೀಟರ್ ದಾರ ಇಟ್ಟುಕೊಳ್ಳಬೇಕು. ಎರಡೆಳೆಯಾದರೆ ಅದರ ಎರಡರಷ್ಟು. ಕೊನೆಯಲ್ಲಿ ಅಂಚನ್ನು ಗಟ್ಟಿ ಬಟ್ಟೆಯ ಪಟ್ಟಿಯಿಂದ ಮುಚ್ಚಿ ಹೊಲಿಯಬೇಕು. ಕೌದಿ ಮೊದಲು ಹರಿಯುವುದು ಅಂಚಿನಲ್ಲಿಯೇ.

ದುಡಿಮೆಯ ಲೆಕ್ಕ

ಮಾರಾಟಕ್ಕೆ ಹೊಲಿಯುವ ಸ್ತ್ರೀಶಕ್ತಿ ಮತ್ತು ಇತರ ಸ್ವಸಹಾಯ ಗುಂಪುಗಳು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. 6 ಅಂಗುಲದ ಚೌಕಗಳ ಕೌದಿಗೆ ಜೋಡಣೆ 128 ಅಡಿ, ಸಾಲು ಹೊಲಿಗೆ 420 ಅಡಿ, ಅಂಚು 24 ಅಡಿ, ಒಟ್ಟು 572 ಅಡಿ ಹೊಲಿಗೆ ಬೇಕು. ಎಲ್ಲವನ್ನೂ ಕೈಯಲ್ಲಿಯೇ, ಗಂಟೆಗೆ 10 ಅಡಿಯಂತೆ ಹೊಲಿದರೆ ಸುಮಾರು 57 ಗಂಟೆ. ದಿನಕ್ಕೆ 2 ಗಂಟೆಯಂತೆ ಸುಮಾರು ಒಂದು ತಿಂಗಳು. ಕೈವೇಗ ಒಬ್ಬೊಬ್ಬರಿಗೆ ಒಂದೊಂದು. ಪ್ರತಿಯೊಬ್ಬರೂ ಗಡಿಯಾರ ಇಟ್ಟುಕೊಂಡು ಒಂದು ಗಂಟೆಯಲ್ಲಿ ತಾವು ಹೊಲಿದ ಉದ್ದವನ್ನು ಅಳೆದುಕೊಳ್ಳಬೇಕು.

ಉದಾಹರಣೆಗೆ ಗಂಟೆಗೆ 50 ರೂಪಾಯಿ ಕೂಲಿ ಹಿಡಿದರೆ 2,850 ರೂಪಾಯಿ. ದಾರ, ಸೂಜಿ, ಸಾಬೂನಿಗೆ 150 ರೂಪಾಯಿ ಸೇರಿ ಒಟ್ಟು 3,000 ರೂಪಾಯಿ. ಇದೇ ಕೌದಿಯನ್ನು “ಹಳೆ ಬಟ್ಟೆ ತಾನೆ” ಎಂದು 800 ರೂಪಾಯಿಗೆ ಕೊಟ್ಟರೆ, ಖರ್ಚು ಕಳೆದು ಗಂಟೆಗೆ 11 ರೂಪಾಯಿ 40 ಪೈಸೆ ಮಾತ್ರ ಉಳಿಯುತ್ತದೆ. ಹೊಲದ ಖರ್ಚು ಬರೆಯುವಾಗ ಮನೆಯವರ ಕೂಲಿಯನ್ನು ಬಿಟ್ಟುಬಿಡುವ ತಪ್ಪೇ ಇಲ್ಲಿಯೂ ಆಗುತ್ತದೆ. ಸರಿಯಾದ ಬೆಲೆ ಸಿಗದಿದ್ದರೆ ಮಾರುವುದಕ್ಕಿಂತ ಮನೆಯ ಬಳಕೆಗೆ ಇಟ್ಟುಕೊಳ್ಳುವುದೇ ಲಾಭ. ಜೋಡಣೆಯನ್ನು ಹೊಲಿಗೆ ಯಂತ್ರದಲ್ಲಿ ಮಾಡಿ, ಸಾಲು ಹೊಲಿಗೆಯನ್ನು ಮಾತ್ರ ಕೈಯಲ್ಲಿ ಹಾಕಿದರೆ ಸಮಯ ಉಳಿಯುತ್ತದೆ.

ಜೋಪಾನ

ಒದ್ದೆಯಾದ ಕೌದಿ ಬಹಳ ಭಾರ. ಇಬ್ಬರು ಸೇರಿ ಒಗೆಯಬೇಕು. ಹಿಂಡಿ ತಿರುಚದೆ, ಮಡಿಚಿ ಒತ್ತಿ ನೀರು ತೆಗೆಯಬೇಕು. ಬಣ್ಣ ಮಾಸದಿರಲು ಹಿಂಭಾಗ ಮೇಲೆ ಬರುವಂತೆ ಬಿಸಿಲಿಗೆ ಹಾಕಬೇಕು. ಪೂರ್ತಿ ಒಣಗದೆ ಮಡಿಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಂದು ಚೌಕ ಹರಿದರೆ ಅದರ ಮೇಲೆಯೇ ಹೊಸ ತುಂಡನ್ನು ಹೊಲಿದರಾಯಿತು.

ಕತ್ತರಿಸಿ ಉಳಿದ ಹತ್ತಿಯ ಸಣ್ಣ ಚೂರುಗಳನ್ನು ಸಗಣಿಯೊಡನೆ ಗೊಬ್ಬರದ ಗುಂಡಿಗೆ ಸೇರಿಸಬಹುದು, ಕಾಲಕ್ರಮದಲ್ಲಿ ಕೊಳೆಯುತ್ತವೆ. ಪಾಲಿಯೆಸ್ಟರ್ ಚೂರು ಕೊಳೆಯುವುದಿಲ್ಲ. ಅದನ್ನು ಗುಂಡಿಗೂ ಹಾಕಬಾರದು, ಸುಡಲೂಬಾರದು, ದನಕರುಗಳ ಬಾಯಿಗೆ ಸಿಗುವಂತೆ ಬೀದಿಗೂ ಎಸೆಯಬಾರದು. ಒಣಕಸದೊಡನೆ ಬೇರ್ಪಡಿಸಿ ಕೊಡಬೇಕು.

ಮೊದಲ ಬಾರಿ ಹೊಲಿಯುವವರು ಮೂರಡಿ ಉದ್ದ, ಎರಡೂವರೆ ಅಡಿ ಅಗಲದ ಚಿಕ್ಕ ಕೌದಿಯಿಂದ ಆರಂಭಿಸಬೇಕು. 6 ಅಂಗುಲದ 30 ಚೌಕಗಳು ಸಾಕು. ಕೈವೇಗ, ಹೊಲಿಗೆಯ ಅಂತರ, ಬಣ್ಣದ ಹೊಂದಿಕೆ ಮೂರೂ ಇದರಲ್ಲಿ ತಿಳಿಯುತ್ತವೆ. ವಿಸ್ತರಣಾ ಕಾರ್ಯಕರ್ತರು ಮಹಿಳಾ ತರಬೇತಿಗಳಲ್ಲಿ ಹೊಲಿಗೆಯ ಜೊತೆಗೆ ಗಂಟೆಗಳ ಲೆಕ್ಕ ಬರೆಯುವುದನ್ನೂ ಕಲಿಸಿದರೆ ಕೌದಿ ಮನೆಗೆ ಬೆಚ್ಚನೆಯ ಹೊದಿಕೆಯಾಗುವುದರೊಡನೆ ಹೊಲಿದವರ ಕೈಗೆ ನ್ಯಾಯವಾದ ಆದಾಯವನ್ನೂ ತರಬಲ್ಲದು.